ಹಳೆಯ ಊರು ನೋಡಲು ಕಲಿಸಿದವರಿಗೆ

ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ನಮ್ಮ ತಂಡದವರೆಲ್ಲರ ಮಾಸ್ಟರ್ಸ್ ಮುಗಿಯಿತು. ಗುರುಗಳಿಗೆ, ಮನೆಯವರಿಗೆ ಹೇಳಬೇಕಾದದ್ದನ್ನು ಅವರವರಿಗೇ ಹೇಳಿದ್ದೇವೆ. ಈ ಬರಹ ಎಸ್‌ಲಿಂಗನ್, ಟ್ಯೂಬಿಂಗನ್, ಉಲ್ಮ್‌ನಂಥ ಹಳೆಯ ಊರುಗಳನ್ನು ನೋಡುವ ಬಗೆ ಕಲಿಸಿದವರಿಗೆ. ಅವರು ಹೇಳಿಕೊಟ್ಟದ್ದನ್ನೂ ಜೊತೆಗೇ ಬರೆದಿಡುತ್ತಿದ್ದೇವೆ, ಅಕ್ಟೋಬರಿನಲ್ಲಿ ಬಂದಿಳಿಯುವವರಿಗೆ ಬೇಕಾಗುತ್ತದೆ.

ಮೊದಲ ವಂದನೆ ರೈಲಿನ ಲೆಕ್ಕ ತಿಳಿಸಿದ ಸೀನಿಯರ್ ಅಕ್ಕ, ಅಣ್ಣಂದಿರಿಗೆ. 27 ತುಂಬದ ವಿದ್ಯಾರ್ಥಿಗಳಿಗೆ ಬಾಡನ್-ವ್ಯುರ್ಟೆಂಬೆರ್ಗ್ ರಾಜ್ಯದ ‘ಡಿ-ಟಿಕೆಟ್ ಯುಗೆಂಡ್ ಬಿಡಬ್ಲ್ಯು’ ಅಗ್ಗ. ವಯಸ್ಸು ದಾಟಿದವರಿಗೆ ಡಾಯ್ಚ್‌ಲಾಂಡ್‌ಟಿಕೆಟ್: 2023ರಲ್ಲಿ ತಿಂಗಳಿಗೆ 49 ಯೂರೋ ಇದ್ದದ್ದು 2025ಕ್ಕೆ 58 ಆಯಿತು, 2026ರಿಂದ 63. ಇದು ತಾನಾಗಿ ಮುಂದುವರಿಯುವ ಚಂದಾ. ಬೇಡವೆಂದರೆ ಆ ತಿಂಗಳ 10ರೊಳಗೆ ರದ್ದು ಮಾಡಬೇಕು, ತಪ್ಪಿದರೆ ಮುಂದಿನ ತಿಂಗಳ ಹಣವೂ ಹೋಯಿತು. ಎರಡೂ ಟಿಕೆಟ್ ನಡೆಯುವುದು ಎಸ್-ಬಾನ್ ಎಂಬ ನಗರ ರೈಲು ಮತ್ತು ಪ್ರಾದೇಶಿಕ ರೈಲುಗಳಲ್ಲಿ, ದೂರದೂರಿನ ವೇಗದ ರೈಲಾದ ಐಸಿಇಯಲ್ಲಿ ಅಲ್ಲ. ಉಲ್ಮ್ ಕಡೆಗೆ ಎರಡೂ ಬಗೆಯ ರೈಲು ಇರುವುದರಿಂದ ಮೊದಲು ಬಂದದ್ದಕ್ಕೆ ಹತ್ತಿದವರು ಸಿಕ್ಕಿಬೀಳುವುದು ಅಲ್ಲೇ. ದಂಡ 60 ಯೂರೋದಿಂದ ಶುರು. ಹಳಿ ಕೆಲಸ ನಡೆಯುವಾಗ ರೈಲಿನ ಬದಲು ಬಸ್ ಬಿಡುತ್ತಾರೆ, ಫಲಕದಲ್ಲಿ ‘ಎಸ್‌ಇವಿ’ ಎಂದಿರುತ್ತದೆ. ಬಸ್ಸು ನಿಲ್ಲುವುದು ನಿಲ್ದಾಣದ ಹೊರಗೆ, ಹಿಡಿಯುವುದೂ ಹೆಚ್ಚು ಹೊತ್ತು. ಹಿಂದಿನ ರಾತ್ರಿಯೇ ಆ್ಯಪ್ ನೋಡಿಕೊಳ್ಳಿ.

ಎಸ್‌ಲಿಂಗನ್‌ನಲ್ಲಿ ಮರದ ಮನೆಗಳನ್ನು ಓದಲು ಕಲಿಸಿದ ನಿವೃತ್ತ ಬಡಗಿಗೆ ಎಷ್ಟು ಹೇಳಿದರೂ ಕಡಿಮೆಯೇ. ಸ್ಟುಟ್‌ಗಾರ್ಟ್‌ನಿಂದ ಎಸ್1 ಹತ್ತಿದರೆ ಕಾಲು ಗಂಟೆಯ ಆಸುಪಾಸು. ಅಲ್ಲಿನ ಹಾಫೆನ್‌ಮಾರ್ಕ್ಟ್‌ನಲ್ಲಿ ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲಿದೆ, ಕಟ್ಟಿದ್ದು 1328ರಿಂದ 1331ರಲ್ಲಿ. ಇಷ್ಟು ಖಚಿತವಾಗಿ ಹೇಗೆ ಹೇಳುತ್ತಾರೆ? ತೊಲೆಯಲ್ಲಿ ಸಣ್ಣ ತೂತು ಕೊರೆದು ತೆಗೆದ ಚೂರಿನಲ್ಲಿ ಮರ ವರ್ಷಕ್ಕೊಂದರಂತೆ ಬೆಳೆಸಿಕೊಂಡ ಬಳೆಗಳನ್ನು ಎಣಿಸಿ, ಅಗಲ ಅಳೆದು, ಮರ ಕಡಿದ ವರ್ಷ ಕಂಡುಹಿಡಿಯುತ್ತಾರೆ. ಹಸಿ ಮರವನ್ನೇ ಕೆತ್ತುತ್ತಿದ್ದ ಕಾಲವಾದ್ದರಿಂದ ಕಡಿದದ್ದಕ್ಕೂ ಕಟ್ಟಿದ್ದಕ್ಕೂ ಹೆಚ್ಚು ಅಂತರ ಇರುತ್ತಿರಲಿಲ್ಲ.

ಬರಿಗಣ್ಣಿಗೂ ಗುರುತು ಸಿಗುತ್ತದೆ. ಓರೆಯಾಗಿ ಕೊಟ್ಟ ಆಧಾರದ ಮರ ಕಂಬವನ್ನು ಸೇರುವ ಜಾಗ ನೋಡಿ. ಒಂದರ ಮೈಯನ್ನು ಕೆತ್ತಿ ಇನ್ನೊಂದನ್ನು ಮೇಲಿನಿಂದ ಕೂರಿಸಿ, ಸೇರಿಕೆ ಹೊರಗೇ ಕಾಣುತ್ತಿದ್ದರೆ ಅದು ಹಳೆಯ ಪದ್ಧತಿ. ತುದಿಯನ್ನು ತೂತಿನೊಳಗೆ ಕೂರಿಸಿ ಮರದ ಮೊಳೆ ಹೊಡೆದಿದ್ದರೆ, ಹೆಚ್ಚಿನ ಕಡೆ, 16ನೇ ಶತಮಾನದಿಂದ ಈಚೆಯದು. ಚೌಕಟ್ಟಿನ ನಡುವೆ ಕಡ್ಡಿ ಹೆಣೆದು ಹುಲ್ಲು ಬೆರೆಸಿದ ಮಣ್ಣು ಮೆತ್ತುತ್ತಿದ್ದರು, ನಮ್ಮ ಮಲೆನಾಡಿನ ತಡಿಕೆ ಗೋಡೆಯ ಹಾಗೆ. ಮರ ಎದ್ದು ಕಾಣುವ ಎಲ್ಲ ಮನೆಗಳೂ ಮೊದಲಿನಿಂದ ಹಾಗೇ ಇದ್ದವೆಂದೂ ನಂಬಬೇಡಿ. ಬೆಂಕಿಯ ಭಯಕ್ಕೆ, ಕಲ್ಲಿನ ಮನೆಯಂತೆ ಕಾಣಲಿ ಎಂಬ ಆಸೆಗೆ, ಎಷ್ಟೋ ಮನೆಗಳಿಗೆ ಗಾರೆ ಬಳಿದಿದ್ದರು. ಅದನ್ನು ಕಿತ್ತು ಮರ ತೋರಿಸಿದ್ದು 20ನೇ ಶತಮಾನದಲ್ಲಿ.

ಕನ್ನಡ ಕುಟುಂಬಗಳ ಹಿರಿಯರಿಗೂ ಶರಣು. ಎಸ್‌ಲಿಂಗನ್ ಎಂದರೆ ಹರ್ಮನ್ ಮೋಗ್ಲಿಂಗ್ 1881ರಲ್ಲಿ ಕಣ್ಣುಮುಚ್ಚಿದ ಊರು ಎಂದು ತಿಳಿಸಿದವರು ಅವರೇ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಮೋಗ್ಲಿಂಗ್ ಓದಿದ್ದು ಟ್ಯೂಬಿಂಗನ್‌ನಲ್ಲಿ. ಮಂಗಳೂರಿನಲ್ಲಿ 1894ರಲ್ಲಿ ತಮ್ಮ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದ ಮೇಲೆ, 1896ರಲ್ಲಿ ಕಿಟೆಲ್ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದೂ ಅದೇ ವಿಶ್ವವಿದ್ಯಾಲಯ. ಕಿಟೆಲ್ 1903ರಲ್ಲಿ ತೀರಿಕೊಂಡದ್ದೂ ಟ್ಯೂಬಿಂಗನ್‌ನಲ್ಲೇ. ಬೆಂಗಳೂರಿನ ಎಂ.ಜಿ. ರಸ್ತೆಯ ಪ್ರತಿಮೆಯನ್ನಷ್ಟೇ ಕಂಡವರಿಗೆ ಇದನ್ನು ತಿಳಿದು ಆ ಬೀದಿಗಳಲ್ಲಿ ನಡೆಯುವ ಸುಖವೇ ಬೇರೆ.

ಟ್ಯೂಬಿಂಗನ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ನೆಕಾರ್ ನದಿಯ ಸೇತುವೆಯ ಮೇಲೆ ನಿಂತರೆ ಎಲ್ಲರೂ ಫೋಟೋ ತೆಗೆಯುವ ಸಾಲುಮನೆಗಳು, ಹಳದಿ ಗೋಪುರ. ಕವಿ ಹೋಲ್ಡರ್ಲಿನ್ 1807ರಿಂದ 1843ರಲ್ಲಿ ಸಾಯುವವರೆಗೆ ಇದ್ದದ್ದು ಅಲ್ಲಿ. ಆದರೆ ಈಗ ಕಾಣುವ ಗೋಪುರದಲ್ಲಿ ಅಲ್ಲ! ಅವರಿದ್ದ ಗೋಪುರ 1875ರಲ್ಲಿ ಸುಟ್ಟುಹೋಯಿತು, ಇದು ಮತ್ತೆ ಕಟ್ಟಿದ್ದು. ಪೇಟೆ ಚೌಕದ ಪುರಭವನದ ಖಗೋಳ ಗಡಿಯಾರ 1511ರದು. ಅಲ್ಲಿಂದ ಕಲ್ಲುಹಾಸಿನ ಏರು ಹತ್ತಿದರೆ ಕೋಟೆ. ಅದರ ಹಳೆಯ ಅಡುಗೆಮನೆಯಲ್ಲಿದ್ದ ಪ್ರಯೋಗಾಲಯದಲ್ಲೇ 1869ರಲ್ಲಿ ವಿಜ್ಞಾನಿ ಮೀಷರ್, ಇಂದು ಡಿಎನ್‌ಎ ಎನ್ನುವ ವಸ್ತುವನ್ನು ಮೊದಲ ಸಲ ಬೇರ್ಪಡಿಸಿದ್ದು. ಜೀವವಿಜ್ಞಾನದವರು ಇದನ್ನು ಬಿಟ್ಟು ಬರಬಾರದು. ಮಳೆಯಲ್ಲಿ ಕಲ್ಲು ಜಾರುತ್ತದೆ, ಹಿಡಿತವಿರುವ ಶೂ ಹಾಕಿ. ಸೋಮವಾರ ಹೆಚ್ಚಿನ ಮ್ಯೂಸಿಯಂಗಳಿಗೆ ರಜೆ.

ಉಲ್ಮ್‌ನ ಇಗರ್ಜಿಯಲ್ಲಿ ನಮ್ಮ ಅರೆಬರೆ ಜರ್ಮನ್ ಸಹಿಸಿಕೊಂಡು ವಿವರಿಸಿದ ಸ್ವಯಂಸೇವಕರಿಗೆ ಧನ್ಯವಾದ. ಅಡಿಗಲ್ಲು 1377ರದು. 1543ರಲ್ಲಿ ಕೆಲಸ ನಿಂತಿತು, ಮೂರು ಶತಮಾನ ಗೋಪುರ ಮೊಟಕಾಗಿಯೇ ಇತ್ತು, 161.5 ಮೀಟರಿನ ತುದಿ ಮುಟ್ಟಿದ್ದು 1890ರಲ್ಲಿ. ಎಂದರೆ ದೂರದಿಂದ ‘ಮಧ್ಯಯುಗ’ ಎಂದು ಕಾಣುವ ಶಿಖರ ರೈಲಿನ ಕಾಲದ್ದು! 1944ರ ಡಿಸೆಂಬರ್ 17ರ ಬಾಂಬ್ ದಾಳಿಯಲ್ಲಿ ಸುತ್ತಲಿನ ಹಳೆಪೇಟೆ ಬಹುಪಾಲು ನೆಲಸಮವಾದರೂ ಇಗರ್ಜಿ ಉಳಿಯಿತು. ಹಾಗಾಗಿ ಅದರ ಎದುರಿಗೇ ಹೊಸ ಕಟ್ಟಡಗಳಿರುವುದು. ಮೇಲೆ ಹೋಗಲು 768 ಮೆಟ್ಟಿಲು, ಲಿಫ್ಟ್ ಇಲ್ಲ. ಕೊನೆಯ ಸುತ್ತುಗಳು ಎಷ್ಟು ಇಕ್ಕಟ್ಟೆಂದರೆ ದೊಡ್ಡ ಬ್ಯಾಗಿದ್ದರೆ ಎದುರಿನವರಿಗೂ ನಿಮಗೂ ಕಷ್ಟ. ದುರಸ್ತಿಗಾಗಿ ಮೇಲ್ಭಾಗ ಮುಚ್ಚುವುದೂ ಉಂಟು, ಟಿಕೆಟ್ ಕೊಳ್ಳುವ ಮೊದಲು ಕೇಳಿ. ಪ್ರಾರ್ಥನೆಯ ಹೊತ್ತಿನಲ್ಲಿ ಒಳಗೆ ತಿರುಗಾಡುವ ಹಾಗಿಲ್ಲ.

ಇನ್ನು ಹೊಟ್ಟೆಯ ವಿಷಯ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಬೇಕರಿಗಳೂ ಕೆಲವೇ ಗಂಟೆ ತೆರೆದಿರುತ್ತವೆ, ಬುತ್ತಿ ಕಟ್ಟಿಕೊಳ್ಳಿ. ಸಸ್ಯಾಹಾರಿಗಳು ಬೇಳೆ ಎಂದು ನಂಬಿ ‘ಲಿನ್ಸೆನ್ ಮಿಟ್ ಷ್ಪೆಟ್ಸ್‌ಲೆ’ (ಬೇಳೆ ಮತ್ತು ಷ್ಪೆಟ್ಸ್‌ಲೆ ಎಂಬ ಮೊಟ್ಟೆ ಹಾಕಿದ ನೂಡಲ್ಸ್) ಹೇಳಬೇಡಿ, ಜೊತೆಗೆ ಸಾಸೇಜ್ ಬರುತ್ತದೆ, ಬೇಳೆಯಲ್ಲೂ ಹಂದಿಮಾಂಸದ ಚೂರು ಇರಬಹುದು. ‘ಕೇಸೆ-ಷ್ಪೆಟ್ಸ್‌ಲೆ’ ಎಂಬ ಚೀಸ್ ಬೆರೆಸಿದ ಬಗೆ ಆಗಬಹುದು, ಅದರಲ್ಲಿ ಮೊಟ್ಟೆ ಇರುವುದು ನೆನಪಿರಲಿ. ಬೆಣ್ಣೆ ಹಚ್ಚಿದ ಬ್ರೆಟ್ಸೆಲ್ (ಗಂಟು ಹಾಕಿದಂತಿರುವ ಬ್ರೆಡ್) ಸಾಮಾನ್ಯವಾಗಿ ನಿಶ್ಚಿಂತೆ. ಇದನ್ನೆಲ್ಲ ಹೇಳಿ, ಪ್ರತಿ ಪ್ರಯಾಣಕ್ಕೂ ಚಿತ್ರಾನ್ನದ ಡಬ್ಬಿ ತುಂಬಿಸಿಕೊಟ್ಟ ಅಮ್ಮಂದಿರ ಡಬ್ಬಿಗಳು ನಮ್ಮಲ್ಲೇ ಉಳಿದಿವೆ. ಊರು ಬಿಡುವ ಮೊದಲು ತೊಳೆದು ತಂದುಕೊಡುತ್ತೇವೆ.