ವಾರಂಟ್‌ಗೆ ಸಿಗದವರು ಶಾಲಿಗೆ ಸಿಗುತ್ತಾರೆ

ಮಾನ್ಯ ಸಂಪಾದಕರಿಗೆ,

ಸೋಮವಾರದ ಪತ್ರಿಕೆಯಲ್ಲಿ ಜೀವನಾಂಶದ ಅರಿವು ಶಿಬಿರದ ವರದಿ ಓದಿದೆ. ದೀಪ ಹಚ್ಚಿದವರು ಯಾರು, ಹೂಗುಚ್ಛ ಕೊಟ್ಟವರು ಯಾರು, ಎಲ್ಲ ಬಂದಿದೆ. ಮುಖ್ಯ ಅತಿಥಿಗಳು 'ನಮ್ಮ ಹೆಣ್ಣುಮಕ್ಕಳಿಗೆ ಕಾನೂನೇ ಗೊತ್ತಿಲ್ಲ, ಅದೇ ಸಮಸ್ಯೆ' ಅಂದರಂತೆ. ಮರುದಿನವೇ ನಮ್ಮ ಮಗಳ ಕೇಸಿನ ತಾರೀಖಿತ್ತು. ಅಲ್ಲಿಂದ ಬಂದು, ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಇದನ್ನು ಬರೆಯುತ್ತಿದ್ದೇನೆ.

ಕಾನೂನು ಗೊತ್ತಿಲ್ಲ ಅಂತ ಯಾರು ಹೇಳಿದ್ದು? ನಾಲ್ಕು ವರ್ಷ ಓಡಾಡಿದ ಮೇಲೆ ನನ್ನ ಹೆಂಡತಿ ಕೂಡ ಬಂಗುಡೆ ಕೊಯ್ಯುತ್ತಾ ಸೆಕ್ಷನ್ ನಂಬರ್ ಹೇಳುತ್ತಾಳೆ. ಹಿಂದೂ ಕುಟುಂಬದಲ್ಲಿ ಮಗುವನ್ನು ಸಾಕುವ ಹೊಣೆ ಅಪ್ಪ, ಅಮ್ಮ ಇಬ್ಬರದೂ ಅಂತ 1956ರ ಕಾಯ್ದೆಯಲ್ಲೇ ಇದೆ. ಮಧ್ಯಂತರ ಜೀವನಾಂಶದ ಅರ್ಜಿಯನ್ನು ಎದುರಿನವರಿಗೆ ನೋಟಿಸ್ ಮುಟ್ಟಿದ 60 ದಿನದೊಳಗೆ 'ಆದಷ್ಟು ಮಟ್ಟಿಗೆ' ಮುಗಿಸಬೇಕಂತೆ. ಆ 'ಆದಷ್ಟು ಮಟ್ಟಿಗೆ'ಯಲ್ಲೇ ನಮ್ಮ 14 ತಿಂಗಳು ಹೋಯಿತು. 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ನಮ್ಮದೇ ಮಹಾರಾಷ್ಟ್ರದ ನಾಗಪುರದಿಂದ ಹೋದ ಒಂದು ಕೇಸಿನಲ್ಲಿ, ಇಬ್ಬರೂ ಆದಾಯ, ಆಸ್ತಿಯ ಅಫಿಡವಿಟ್ ಕೊಡಬೇಕು, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಿಗಬೇಕು ಅಂತ ಹೇಳಿದೆ. 2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದ ಜೀವನಾಂಶದ ಹಳೇ 125ನೇ ಸೆಕ್ಷನ್ ಹೋಗಿ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 144 ಬಂತು. ಸೆಕ್ಷನ್‌ಗೆ ಹೊಸ ನಂಬರ್ ಸಿಕ್ಕಿತು, ನಮಗೆ ಹೊಸ ತಾರೀಖು ಸಿಕ್ಕಿತು.

ಮಂಗಳವಾರ ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟೆವು. ಲೋಕಲ್‌ನಲ್ಲಿ ನನಗೆ ಸೀಟು ಸಿಗಲಿಲ್ಲ, ಅದನ್ನು ಬಿಡಿ. ಮಗಳಿಗೆ ಸಂಬಳವಿಲ್ಲದ ರಜೆ. ಮೊಮ್ಮಗನಿಗೆ ಯೂನಿಟ್ ಟೆಸ್ಟ್, ಅವನನ್ನು ಪಕ್ಕದ ಮನೆಯ ಕಾಕೂ ಶಾಲೆಗೆ ಬಿಟ್ಟರು. ಬೋರ್ಡ್‌ನಲ್ಲಿ ನಮ್ಮದು 37ನೇ ನಂಬರ್. ಬೆಂಚು ಎರಡು, ಜನ ಎಪ್ಪತ್ತು, ಫ್ಯಾನ್ ಒಂದು. ಅದೂ ಗುಮಾಸ್ತರ ತಲೆಯ ಮೇಲೆ ಮಾತ್ರ ತಿರುಗುವಂಥದ್ದು. ಮಧ್ಯಾಹ್ನ ಡಬ್ಬಿ ಬಿಚ್ಚೋಣ ಅಂದರೆ ಎಲ್ಲಿ ಹೆಸರು ಕರೆದುಬಿಡುತ್ತಾರೋ ಅಂತ ಭಯ. ನಾಲ್ಕೂಕಾಲಿಗೆ ಕರೆದರು. ಒಂದೂವರೆ ನಿಮಿಷದ ಕೆಲಸ. ವಾರಂಟ್ ವಾಪಸ್ ಬಂದಿದೆ, 'ವಿಳಾಸದಲ್ಲಿ ವ್ಯಕ್ತಿ ಸಿಗಲಿಲ್ಲ'. ಪುಢಚೀ ತಾರೀಖ್, ಅಂದರೆ ಮುಂದಿನ ತಾರೀಖು, ದೀಪಾವಳಿ ರಜೆಯ ನಂತರ. ವಕೀಲರ ಫೀಸು ಮಾತ್ರ ಈ ದೀಪಾವಳಿಗೇ.

ಯಾರಿಗೆ ವಾರಂಟ್ ಅಂತೀರಾ? ನಮ್ಮ ಮಾಜಿ ಅಳಿಯಂದಿರಿಗೆ. ತಿಂಗಳಿಗೆ 9,000 ಮಾತ್ರ ದುಡಿಯುತ್ತೇನೆ ಅಂತ ಅಫಿಡವಿಟ್ ಕೊಟ್ಟ ಬಡಪಾಯಿ. ಜಡ್ಜ್ ಸಾಹೇಬರು ನಂಬದೆ ಮಗುವಿಗೆ ತಿಂಗಳಿಗೆ 6,000 ಕೊಡಿ ಅಂದರು. ಎರಡು ತಿಂಗಳು ಬಂತು, ಆಮೇಲೆ ನಿಂತಿತು. ಕೊಡದಿದ್ದರೆ ಒಂದೊಂದು ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು ಅಂತ ಕಾನೂನಿದೆ. ಆದರೆ ಬಾಕಿಯಾದ ಒಂದು ವರ್ಷದೊಳಗೆ ನಾವು ವಸೂಲಿ ಅರ್ಜಿ ಹಾಕದಿದ್ದರೆ ಆ ದುಡ್ಡಿಗೆ ವಾರಂಟೇ ಇಲ್ಲ. ಕೊಡದವನು ಆರಾಮಾಗಿರಬಹುದು, ಕೇಳುವವಳು ಮಾತ್ರ ಕ್ಯಾಲೆಂಡರ್ ನೋಡುತ್ತಾ ಕೂರಬೇಕು. ಚೆನ್ನಾಗಿದೆ ಅಲ್ವಾ?

ವಿಳಾಸದಲ್ಲಿ ಸಿಗದ ಇದೇ ಮನುಷ್ಯ ಕಳೆದ ತಿಂಗಳು ನಮ್ಮ ಊರವರ ಸಂಘದ ಯಕ್ಷಗಾನದ ದಿನ ವೇದಿಕೆಯ ಮೇಲೆ ಸಿಕ್ಕಿದ್ದರು. ಮೈಮೇಲೆ ಶಾಲು, ಕೈಯಲ್ಲಿ ಹಣ್ಣಿನ ಬುಟ್ಟಿ. 11,111 ರೂಪಾಯಿ ದೇಣಿಗೆ ಕೊಟ್ಟವರಿಗೆ ಸನ್ಮಾನ. ನಿಮ್ಮದೇ ಪತ್ರಿಕೆಯ ಐದನೇ ಪುಟದ ಫೋಟೊದಲ್ಲಿ ಬಲದಿಂದ ಮೂರನೆಯವರು. ನಾನು ಪೇಪರ್ ಮಡಚುವ ಮುಂಚೆ ಮೊಮ್ಮಗ ನೋಡಿಬಿಟ್ಟ. 'ಅಜ್ಜಾ, ಪಪ್ಪನಿಗೆ ಪ್ರೈಜ್ ಸಿಕ್ಕಿತಾ?' ಅಂದ. ಏನು ಹೇಳಲಿ? ಹೌದು ಮಗಾ ಅಂದೆ.

ಕಚೇರಿಗಳ ವಿಷಯ ಬಂದ ಮೇಲೆ ಇದನ್ನೂ ಹೇಳಿಬಿಡುತ್ತೇನೆ. ಮಗುವಿನ ಜನನ ಪ್ರಮಾಣಪತ್ರದಲ್ಲಿ ಒಂದು ಅಕ್ಷರ ತಪ್ಪಾಗಿತ್ತು. ಅವರೇ ಮಾಡಿದ ತಪ್ಪು. ತಿದ್ದಲು ಹೋದರೆ ಕೌಂಟರ್‌ನವರು 'ತಂದೆಯನ್ನು ಕರಕೊಂಡು ಬನ್ನಿ' ಅಂದರು. ಸ್ವಾಮಿ, ತಂದೆ ಸಿಕ್ಕಿದ್ದರೆ ನಾವು ನಿಮ್ಮ ಹತ್ತಿರ ಯಾಕೆ ಬರುತ್ತಿದ್ದೆವು, ಸೀದಾ ಸ್ಟೇಷನ್‌ಗೆ ಹೋಗುತ್ತಿರಲಿಲ್ವಾ? ಮೂರು ಸಲ ಹೋದೆ. ಮೂರು ಸಲವೂ ಝೆರಾಕ್ಸ್ ಕೇಳಿದರು, ಹಿಂದಿನ ಝೆರಾಕ್ಸ್ ಏನಾಯಿತು ಅಂತ ಹೇಳಲಿಲ್ಲ. 1994ರಲ್ಲಿ ಇನ್ನೊಂದು ಕಚೇರಿಯವರು ನನ್ನ ರೇಷನ್ ಕಾರ್ಡ್‌ನಲ್ಲಿ ಶೆಟ್ಟಿಯನ್ನು ಸೇಠಿ ಮಾಡಿದ್ದರು. ಆ ಕಾರ್ಡ್ ಹಾಗೇ ಹರಿದುಹೋಯಿತು. ನಾನು ಸೇಠಿಯಾಗಿಯೇ ಹನ್ನೊಂದು ವರ್ಷ ಅಕ್ಕಿ ತಂದೆ.

ಸಂಬಂಧಪಟ್ಟವರು ಕೂಡಲೇ ಗಮನಿಸಬೇಕು. ಯಾರು ಸಂಬಂಧಪಟ್ಟವರು ಅಂತ ಅದನ್ನೂ ನಾನೇ ಹುಡುಕಿ ಕೊಡಬೇಕಾ? ಪೊಲೀಸರು ವಾರಂಟ್ ಹಿಡಿದು ಮನೆ ಬಾಗಿಲಿಗೆ ಸುಮ್ನೆ ಹೋಗಿ ಬರುವ ಬದಲು ನಿಮ್ಮ ಐದನೇ ಪುಟ ನೋಡಲಿ. ಅದಾಗದಿದ್ದರೆ ಜನ ಕೂರುವ ಕಡೆ ಇನ್ನೊಂದು ಫ್ಯಾನ್ ಆದರೂ ಹಾಕಲಿ. ಸಂಘದವರು ಶಾಲು ಖರೀದಿಸುವ ಮುಂಚೆ ಮನುಷ್ಯ ಮನೆಯಲ್ಲಿ ಏನು ಮಾಡಿದ್ದಾನೆ ಅಂತ ನಾಲ್ಕು ಜನರನ್ನು ಕೇಳಲಿ. ಅಷ್ಟೂ ಜನ ಒಂದೇ ಊರ ಕಡೆಯವರು, ಗೊತ್ತಿಲ್ಲ ಅಂದರೆ ಯಾರು ನಂಬುತ್ತಾರೆ? ಇನ್ನು ಮುಖ್ಯ ಅತಿಥಿಗಳು ಮುಂದಿನ ಶಿಬಿರವನ್ನು ಗಂಡಸರಿಗೆ ಮಾಡಲಿ. ಹೆಣ್ಣುಮಕ್ಕಳನ್ನು ಕರೆಯಬೇಡಿ, ಅವರಿಗೆ ಅವತ್ತು ತಾರೀಖಿರುತ್ತದೆ.

ಮಗಳು ಪೂರ್ತಿ ಹೆಸರು ಹಾಕಬೇಡಿ ಅಂದಿದ್ದಾಳೆ.

— ಒಬ್ಬ ಅಜ್ಜ, ಡೊಂಬಿವಲಿ