ಗೀಸರ್ ಹಾಕಿಸುವ ಖರ್ಚನ್ನೂ ಮೊದಲೇ ಹೇಳಿ

ಸಂಪಾದಕರಿಗೆ,

ಮಾನ್ಯರೇ,

ಗೀಸರ್ ಜಾಹೀರಾತಿನಲ್ಲಿ ಬೆಲೆ ದಪ್ಪ ಅಕ್ಷರದಲ್ಲಿ ಇರುತ್ತದೆ. ಕೆಳಗಡೆ ಮೂಲೆಯಲ್ಲಿ, ಕನ್ನಡಕ ಹಾಕಿಕೊಂಡರೂ ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣದಾಗಿ, 'ಜೋಡಣೆ ವೆಚ್ಚ ಪ್ರತ್ಯೇಕ' ಎಂದಿರುತ್ತದೆ. ಆ ಮೂರು ಪದಗಳ ಬಗ್ಗೆಯೇ ಈ ಪತ್ರ.

ನಾವು 25 ಲೀಟರಿನ ಗೀಸರ್ ಕೊಂಡೆವು. ಅಂಗಡಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಮನೆಯಲ್ಲಿ ಎಷ್ಟು ಜನ? ಮನೆಗೆ ಬಂದ ಫಿಟ್ಟರ್ ಗೋಡೆ ನೋಡಿದ, ನಲ್ಲಿ ನೋಡಿದ, ಆಮೇಲೆ ಒಂದೊಂದಾಗಿ ಹೇಳುತ್ತಾ ಹೋದ. ಎರಡು ಪೈಪು ಬೇಕು. ತಣ್ಣೀರಿನ ಕಡೆ ಒಂದು ವಾಲ್ವ್ ಬೇಕು. ಬೋಲ್ಟು ಬೇರೆ ತರಬೇಕು. ಕೊನೆಗೆ, "ಇಲ್ಲಿ ಪವರ್ ಲೈನೇ ಇಲ್ವಲ್ಲ, ಮೀಟರ್ ಬೋರ್ಡಿನಿಂದ ಬೇರೆ ವೈರ್ ಎಳೀಬೇಕು" ಎಂದ. ಎಲ್ಲ ಸೇರಿ ಗೀಸರ್ ಬೆಲೆಯ ಅರ್ಧಕ್ಕಿಂತ ಜಾಸ್ತಿ ಆಗುವ ಹಾಗಿತ್ತು.

ದುಡ್ಡು ಹೋಗುತ್ತದೆ ಅಂತ ನನಗೆ ಬೇಜಾರಿಲ್ಲ. ಕೆಲಸಕ್ಕೆ ತಕ್ಕ ಕೂಲಿ ಕೊಡಲೇಬೇಕು. ಆದರೆ ಹೀಗೆ ದಿಢೀರನೆ ಖರ್ಚು ಬಂದಾಗ ಜನ ಏನು ಮಾಡುತ್ತಾರೆ ಯೋಚಿಸಿ. ಬಿಸಿನೀರು ಬರುವುದಕ್ಕೆ ಬೇಕಾದ್ದನ್ನು ಯಾರೂ ಬಿಡುವುದಿಲ್ಲ. ಬಿಡುವುದು ಅಪಾಯ ತಪ್ಪಿಸುವುದಕ್ಕೆ ಬೇಕಾದ್ದನ್ನು. ನಾವೂ ಅದನ್ನೇ ಮಾಡಿದೆವು. "ಸದ್ಯಕ್ಕೆ ಇರುವ ಪ್ಲಗ್ಗಿಗೇ ಹಾಕಿಬಿಡಪ್ಪ, ವೈರಿಂಗ್ ಆಮೇಲೆ ನೋಡೋಣ" ಎಂದೆವು.

ಲೆಕ್ಕ ಕಷ್ಟದ್ದೇನಲ್ಲ. 2000 ವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಕರೆಂಟ್ ಎಳೆಯುತ್ತದೆ. ಮೊಬೈಲ್ ಚಾರ್ಜರಿಗೆ, ಫ್ಯಾನಿಗೆ ಹಾಕಿದ ಸಣ್ಣ ಸಾಕೆಟ್ 6 ಆಂಪಿಯರಿನದು. ಅದೂ ಒಂದು ನಿಮಿಷದ ಮಾತಲ್ಲ, ಅರ್ಧ ಗಂಟೆ ಎಡೆಬಿಡದೆ ಎಳೆಯುತ್ತದೆ. ಎರಡನೇ ತಿಂಗಳಿಗೆ ನಮ್ಮ ಬಿಳಿ ಸಾಕೆಟಿನ ಒಂದು ತೂತಿನ ಸುತ್ತ ಕಂದು ಉಂಗುರ ಮೂಡಿತ್ತು. ಪ್ಲಗ್ ಕೀಳಲು ಹೋದರೆ ಅದು ಸಾಕೆಟ್ಟಿಗೆ ಅಂಟಿಕೊಂಡಿತ್ತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಎಷ್ಟೋ ದಿನದಿಂದ ಬರುತ್ತಿತ್ತು. ನಾವು ಹೊರಗೆ ಯಾರೋ ಕಸ ಸುಡುತ್ತಿದ್ದಾರೆ ಅಂದುಕೊಂಡಿದ್ದೆವು.

ಗೀಸರಿಗೆ ಅದರದ್ದೇ ಲೈನ್ ಇರಬೇಕು. ಅದಕ್ಕೆ ತಕ್ಕ ದಪ್ಪದ ವೈರು, 16 ಆಂಪಿಯರ್ ಸ್ವಿಚ್ಚು, ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಎಂಸಿಬಿ ಆ ಲೈನಿಗೇ ಒಂದು, ಇವಿಷ್ಟು ಬೇಕು. ಅರ್ಥಿಂಗ್ ಸರಿಯಾಗಿರಬೇಕು. ಮೂರು ಪಿನ್ನಿನ ಸಾಕೆಟ್ ಕಂಡ ಮಾತ್ರಕ್ಕೆ ಅರ್ಥಿಂಗ್ ಇದೆ ಅಂತ ನಂಬಬೇಡಿ. ಮೂರನೇ ತೂತಿನ ಹಿಂದೆ ವೈರೇ ಇಲ್ಲದ ಮನೆಗಳಿವೆ, ಪರೀಕ್ಷೆ ಮಾಡಿಸಿ. ಜೊತೆಗೆ, 30 ಮಿಲಿಆಂಪಿಯರಿನಷ್ಟು ಕರೆಂಟ್ ಸೋರಿದರೂ ಟ್ರಿಪ್ ಆಗಿ ಲೈನ್ ಕಡಿಯುವ ಆರ್‌ಸಿಸಿಬಿ ಹಾಕಿಸಿ. ನೀರಿನಲ್ಲಿ ನೆನೆದ ಮೈಗೆ ಕರೆಂಟ್ ಸುಲಭವಾಗಿ ಹರಿಯುತ್ತದೆ. ಎಂಸಿಬಿ ಕಾಪಾಡುವುದು ವೈರನ್ನು. ಮನುಷ್ಯನನ್ನು ಕಾಪಾಡುವುದು ಆರ್‌ಸಿಸಿಬಿ. ಈ ವ್ಯತ್ಯಾಸ ನನಗೆ ಗೊತ್ತಾಗಿದ್ದು ಸಾಕೆಟ್ ಸುಟ್ಟ ಮೇಲೆ.

"ಹಾಗಾದರೆ ಸಣ್ಣ ಗೀಸರ್ ತಗೊಂಡ್ರೆ ಈ ತಾಪತ್ರಯ ಇಲ್ಲ ಅಲ್ವಾ?" ಎಂದು ಪಕ್ಕದ ಮನೆಯವರು ಕೇಳಿದರು. ಹಾಗಲ್ಲ. 3 ಲೀಟರಿನ ಇನ್‌ಸ್ಟಂಟ್ ಗೀಸರ್ ಹೆಚ್ಚಾಗಿ 3000 ವ್ಯಾಟಿನದು. ಅಂದರೆ 13 ಆಂಪಿಯರ್, ನಮ್ಮ ದೊಡ್ಡದಕ್ಕಿಂತ ಜಾಸ್ತಿ! ಅಷ್ಟು ಕರೆಂಟ್ ಎಳೆದರೂ, ಒಳಗಿನ ಬಿಸಿನೀರು ಖಾಲಿಯಾದ ಮೇಲೆ, ನೀರನ್ನು 20 ಡಿಗ್ರಿ ಏರಿಸಿ ಕೊಡಬೇಕೆಂದರೆ ನಿಮಿಷಕ್ಕೆ ಸುಮಾರು 2 ಲೀಟರ್ ಮಾತ್ರ ಕೊಡಬಲ್ಲದು. ಪಾತ್ರೆ ತೊಳೆಯುವುದಕ್ಕೆ ಚೆನ್ನಾಗಿದೆ. ಶವರಿಗೆ ಸಾಲುವುದಿಲ್ಲ.

ಗ್ಯಾಸ್ ಗೀಸರಿಗೆ ವೈರಿಂಗ್ ಖರ್ಚು ಉಳಿಯಬಹುದು, ಆದರೆ ಗಾಳಿ ಬೇಕು. ಕಿಟಕಿ ಮುಚ್ಚಿದ ಬಾತ್‌ರೂಮಿನಲ್ಲಿ ಅದು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರಿಗೆ ತಲೆ ಸುತ್ತಿ, ಚಿಲಕ ತೆಗೆಯಲೂ ಆಗದೆ ಒಳಗೇ ಬಿದ್ದುಬಿಡಬಹುದು. ಆ ಗೀಸರ್ ಬಾತ್‌ರೂಮಿನ ಹೊರಗಿರಲಿ, ಹೊಗೆ ಕೊಳವೆಯ ಬಾಯಿ ಮನೆಯಾಚೆ ಇರಲಿ. ಇದರಲ್ಲಿ ರಾಜಿ ಬೇಡವೇ ಬೇಡ.

ಗೋಡೆಯದೂ ಒಂದು ಮಾತಿದೆ. 25 ಲೀಟರ್ ನೀರು ಅಂದರೆ 25 ಕಿಲೋ. ಅದರ ಮೇಲೆ ಗೀಸರಿನ ತೂಕ. ಇದೆಲ್ಲ ಎರಡೋ ಮೂರೋ ಬೋಲ್ಟಿನ ಮೇಲೆ, ನಮ್ಮ ತಲೆಯ ಮೇಲೆ, ವರ್ಷಗಟ್ಟಲೆ ನೇತಾಡುತ್ತದೆ. ಒಳಗೆ ಟೊಳ್ಳಿರುವ ಇಟ್ಟಿಗೆಯ ಗೋಡೆಗೆ ಮಾಮೂಲಿ ಬೋಲ್ಟು ಹಿಡಿಯುವುದಿಲ್ಲ.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ಗೀಸರಿನ ತಣ್ಣೀರು ಬಾಯಿಯಲ್ಲಿ ಹೆಬ್ಬೆರಳಿನಷ್ಟು ಸಣ್ಣ ಸೇಫ್ಟಿ ವಾಲ್ವ್ ಇರುತ್ತದೆ. ನಮ್ಮದರಲ್ಲಿ ನೀರು ಕಾಯುವಾಗೆಲ್ಲ ಅದರ ಪಕ್ಕದ ತೂತಿನಿಂದ ತೊಟ್ಟು ತೊಟ್ಟು ನೀರು ಬೀಳುತ್ತಿತ್ತು. ನೆಲ ಒದ್ದೆಯಾಗಿ ಅತ್ತೆ ಒಮ್ಮೆ ಜಾರಿದರು. ಲೀಕ್ ಅಂದುಕೊಂಡು ಫಿಟ್ಟರನ್ನು ಕರೆಸಿದೆವು. ಅವನು ಆ ತೂತಿಗೆ ರಬ್ಬರ್ ಬಿರಡೆ ಒತ್ತಿ, ಮೇಲೆ ಟೇಪು ಸುತ್ತಿ ಹೋದ. ನೀರು ನಿಂತಿತು. ನಮಗೆ ಸಮಾಧಾನವಾಯಿತು.

ಸಾಕೆಟ್ ಸುಟ್ಟಾಗ ನೋಡಲು ಬಂದ ಎಲೆಕ್ಟ್ರಿಷಿಯನ್ ತಲೆಯೆತ್ತಿ ಇದನ್ನು ನೋಡಿದರು. "ಅಕ್ಕಾ, ಇದಕ್ಕೆ ಬಿರಡೆ ಹಾಕಿದ್ದು ಯಾರು? ಸಾಕೆಟ್ ಬಿಡಿ, ಮೊದಲು ಇದನ್ನ ಕೀಳಬೇಕು" ಎಂದರು. ಅವರು ಬಿಡಿಸಿ ಹೇಳಿದ ಮೇಲೆ ನನ್ನ ಕೈಕಾಲು ತಣ್ಣಗಾಯಿತು. ನೀರು ಕಾದರೆ ಹಿಗ್ಗುತ್ತದೆ. 25 ಲೀಟರ್ ನೀರು 20 ಡಿಗ್ರಿಯಿಂದ 60 ಡಿಗ್ರಿಗೆ ಏರಿದರೆ ಸುಮಾರು 380 ಮಿಲಿಲೀಟರಿನಷ್ಟು ಜಾಸ್ತಿಯಾಗುತ್ತದೆ. ನಲ್ಲಿ ಮುಚ್ಚಿದ್ದು, ತಣ್ಣೀರಿನ ಪೈಪಿಗೂ ವಾಪಸ್ ಹೋಗದಂತೆ ವಾಲ್ವ್ ತಡೆದರೆ ಆ ನೀರು ಹೋಗುವುದೆಲ್ಲಿಗೆ? ಆ ಸಣ್ಣ ತೂತಿನಿಂದಲೇ. ಅಂದರೆ ಅಲ್ಲಿ ನೀರು ತೊಟ್ಟಿಕ್ಕುವುದು ಲೀಕ್ ಅಲ್ಲ, ವಾಲ್ವ್ ತನ್ನ ಕೆಲಸ ಮಾಡುತ್ತಿದೆ ಅಂತ. ಗೀಸರ್ ಆಫ್ ಆಗಿದ್ದಾಗಲೂ ಸುರಿಯುತ್ತಲೇ ಇದ್ದರೆ ಮಾತ್ರ ರಿಪೇರಿಯವರನ್ನು ಕರೆಸಬೇಕು.

ಇನ್ನೂ ಭಯದ ವಿಷಯ ಬೇರೆಯಿದೆ. ನೀರು ಸಾಕಷ್ಟು ಕಾದಾಗ ಕರೆಂಟ್ ನಿಲ್ಲಿಸುವ ಥರ್ಮೋಸ್ಟಾಟ್ ಕೆಟ್ಟು, ಅದು ಕೆಟ್ಟರೂ ಕರೆಂಟ್ ಕಡಿಯಲೆಂದು ಇಟ್ಟ ಕಟೌಟೂ ಕೈಕೊಟ್ಟರೆ ನೀರು ಕಾಯುತ್ತಲೇ ಹೋಗುತ್ತದೆ. ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಟ್ಯಾಂಕ್ ಬಿರಿದ ಕ್ಷಣದಲ್ಲಿ ಅದರಲ್ಲೊಂದು ಪಾಲು ಒಮ್ಮೆಲೇ ಹಬೆಯಾಗುತ್ತದೆ. ನೀರು ಹಬೆಯಾದರೆ ಅದಕ್ಕೆ 1600 ಪಟ್ಟಿಗೂ ಹೆಚ್ಚು ಜಾಗ ಬೇಕು. ಗೀಸರ್ ಸಿಡಿಯುವುದು ಹೀಗೆ. ಅದನ್ನು ತಡೆಯಲು ಇಟ್ಟ ಕೊನೆಯ ಬಾಗಿಲಿಗೇ ನಾವು ಬಿರಡೆ ಹಾಕಿಸಿಕೊಂಡಿದ್ದೆವು.

ಆ ಎಲೆಕ್ಟ್ರಿಷಿಯನ್ ಬಿರಡೆ ಕಿತ್ತು, ಹೊಸ ವಾಲ್ವ್ ಹಾಕಿಸಿ, ತೂತಿಗೆ ಒಂದು ತೆಳು ಪೈಪು ಸಿಕ್ಕಿಸಿ, ನೀರು ಹೋಗುವ ಕಿಂಡಿಯವರೆಗೆ ಇಳಿಬಿಟ್ಟರು. ನೆಲ ಈಗ ಒಣಗಿರುತ್ತದೆ. ಇಡೀ ಲೆಕ್ಕದಲ್ಲಿ ಎಲ್ಲಕ್ಕಿಂತ ಕಡಿಮೆ ಖರ್ಚು ಬಿದ್ದದ್ದು ಆ ಪೈಪಿಗೆ.

ಕರೆಂಟ್ ಬಿಲ್ಲಿನ ಲೆಕ್ಕವನ್ನೂ ಅಂಗಡಿಯವರು ಹೇಳಬಹುದು. 25 ಲೀಟರ್ ನೀರನ್ನು 20ರಿಂದ 60 ಡಿಗ್ರಿಗೆ ಕಾಯಿಸಲು 1.2 ಯೂನಿಟ್ ಹತ್ತಿರ ಬೇಕು. ಯೂನಿಟ್ ದರ ಗೊತ್ತಿದ್ದವರು ತಿಂಗಳ ಖರ್ಚು ತಾವೇ ಲೆಕ್ಕ ಹಾಕಿಕೊಳ್ಳುತ್ತಾರೆ. ಬೋರ್‌ವೆಲ್ಲಿನ ಗಡಸು ನೀರಾದರೆ ಕಾಯಿಲಿನ ಮೇಲೆ ಸುಣ್ಣ ಕಟ್ಟುತ್ತದೆ. ಟ್ಯಾಂಕಿಗೆ ಬದಲಾಗಿ ತಾನು ಸವೆಯುವ ಆನೋಡ್ ರಾಡನ್ನು ಆಗಾಗ ನೋಡಿ ಬದಲಾಯಿಸಬೇಕು. ಇದೂ ಖರ್ಚೇ.

ಮಾರುವವರಲ್ಲಿ ನನ್ನ ಕೋರಿಕೆ ಇಷ್ಟೇ. ಬಿಲ್ ಹಾಕುವ ಮೊದಲು ಕೇಳಿ: ಬಾತ್‌ರೂಮಿಗೆ ಪವರ್ ಲೈನ್ ಇದೆಯೇ, ಅರ್ಥಿಂಗ್ ಪರೀಕ್ಷೆ ಆಗಿದೆಯೇ, ಗೋಡೆ ಯಾವುದರದು, ವಾಲ್ವಿನ ನೀರು ಎಲ್ಲಿಗೆ ಹೋಗುತ್ತದೆ? ಇಲ್ಲದಿದ್ದರೆ ಅದಕ್ಕೆ ಅಂದಾಜು ಎಷ್ಟಾಗುತ್ತದೆ ಅಂತ ಒಂದು ಚೀಟಿಯಲ್ಲಿ ಬರೆದುಕೊಡಿ. ಕೊಳ್ಳುವವರು ಓಡಿಹೋಗುವುದಿಲ್ಲ. ಒಂದೆರಡು ತಿಂಗಳು ತಡವಾಗಿ ಬರಬಹುದು, ವೈರಿಂಗ್ ಮಾಡಿಸಿಕೊಂಡು ಬರುತ್ತಾರೆ.

ನಿಮ್ಮಲ್ಲೂ ಒಂದು ವಿನಂತಿ. ಜಾಹೀರಾತು ಕೊಡುವವರು 'ಜೋಡಣೆ ವೆಚ್ಚ ಪ್ರತ್ಯೇಕ' ಎಂಬುದನ್ನು ಬೆಲೆಯಷ್ಟೇ ದಪ್ಪ ಅಕ್ಷರದಲ್ಲಿ ಹಾಕುವಂತೆ ದಯವಿಟ್ಟು ಕೇಳಿ. ಆ ಸೇಫ್ಟಿ ವಾಲ್ವಿನ ಚಿತ್ರವನ್ನೂ ಒಮ್ಮೆ ದೊಡ್ಡದಾಗಿ ಅಚ್ಚು ಹಾಕಿ. ಓದುಗರು ಪತ್ರಿಕೆ ಹಿಡಿದುಕೊಂಡೇ ಬಾತ್‌ರೂಮಿಗೆ ಹೋಗಿ, ತಮ್ಮ ಮನೆಯದಕ್ಕೆ ಯಾರಾದರೂ ಬಿರಡೆ ಹಾಕಿದ್ದಾರೆಯೇ ಅಂತ ನೋಡಿಕೊಳ್ಳಲಿ.

ಇಂತಿ,
ನಿಮ್ಮ ಓದುಗಳು