ಟ್ಯಾಂಕ್ ಸದ್ದು ಮಾಡಿದರೆ ಮೊದಲು ಕಿವಿಗೊಡಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ವಾಟ್ಸ್‌ಆ್ಯಪ್‌ನಲ್ಲಿ ಅದೇ ಹಳೆಯ ಸಂದೇಶ ಸುತ್ತತೊಡಗುತ್ತದೆ: ಫುಲ್ ಟ್ಯಾಂಕ್ ಹಾಕಿಸಬೇಡಿ, ಬಿಸಿಲಿಗೆ ಸಿಡಿಯುತ್ತದೆ, ದಿನಕ್ಕೊಮ್ಮೆ ಮುಚ್ಚಳ ತೆಗೆದು ಗ್ಯಾಸ್ ಬಿಡಿ. ಇದು ಸುಳ್ಳೆಂದು ಇಂಡಿಯನ್ ಆಯಿಲ್ ಕಂಪನಿಯೇ ಸ್ಪಷ್ಟಪಡಿಸಿದೆ. ಆದರೂ ಓದಿದವರಿಗೆ ಬೈಕಿನ ಟ್ಯಾಂಕಿನಿಂದ ಯಾವ ಸದ್ದು ಬಂದರೂ ಎದೆ ಧಸಕ್ಕೆನ್ನುತ್ತದೆ. ಆ ಹೆದರಿಕೆಯಲ್ಲೇ ಗ್ಯಾರೇಜಿಗೆ ಹೋದರೆ ‘ಪಂಪ್ ಹೋಗಿದೆ’ ಎಂಬ ಮಾತು, ಸಾವಿರಗಟ್ಟಲೆ ಬಿಲ್ಲು. ಟ್ಯಾಂಕಿನ ಸದ್ದಿಗೆ ಎಷ್ಟೋ ಸಲ ಒಂದು ರಬ್ಬರ್ ಬುಷ್ಷೋ, ಕಟ್ಟಿಕೊಂಡ ಪೈಪೋ ಕಾರಣವಾಗಿರುತ್ತದೆ. ಬಿಲ್ಲು ಕಟ್ಟುವ ಮೊದಲು ಸವಾರರೇ ನೋಡಿಕೊಳ್ಳಬಹುದಾದ ಕೆಲವು ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇವೆ.

ಸದ್ದು ಯಾವ ಹೊತ್ತಿನಲ್ಲಿ ಬರುತ್ತದೆ ಎಂಬುದನ್ನು ಮೊದಲು ಗಮನಿಸಬೇಕು. ಕೀ ತಿರುಗಿಸಿದಾಗಲೇ, ಓಡುವಾಗಲೇ, ಬ್ರೇಕ್ ಹಿಡಿದಾಗಲೇ, ನಿಲ್ಲಿಸಿದ ಮೇಲೇ, ಮುಚ್ಚಳ ತೆರೆದಾಗಲೇ? ಜೊತೆಗೆ ಆಗ ಪೆಟ್ರೋಲ್ ಎಷ್ಟಿತ್ತು ಎಂಬುದನ್ನೂ ನೆನಪಿಡಿ. ಇಷ್ಟು ಹೇಳಿದರೆ ಒಳ್ಳೆಯ ಮೆಕ್ಯಾನಿಕ್‌ಗೆ ಅರ್ಧ ಕೆಲಸ ಮುಗಿದಂತೆ.

ಕೀ ಆನ್ ಮಾಡಿದೊಡನೆ ಎರಡು-ಮೂರು ಸೆಕೆಂಡ್ ‘ಜುಂಯ್’ ಎಂದು ನಿಂತರೆ ಅದು ರೋಗವಲ್ಲ. 2020ರ ಏಪ್ರಿಲ್ 1ರಿಂದ ಹೊಗೆ ಮಿತಿಯ ಹೊಸ ನಿಯಮ ಬಿಎಸ್-6 ಬಂದ ಮೇಲೆ ಬಹುತೇಕ ಬೈಕುಗಳಲ್ಲಿ ಕಾರ್ಬ್ಯುರೇಟರ್ ಹೋಗಿ, ಪೆಟ್ರೋಲನ್ನು ಒತ್ತಡದಲ್ಲಿ ಚಿಮ್ಮಿಸುವ ಫ್ಯುಯಲ್ ಇಂಜೆಕ್ಷನ್ ಬಂತು. ಟ್ಯಾಂಕಿನ ತಳದಲ್ಲೇ ವಿದ್ಯುತ್ ಪಂಪ್ ಕೂತಿತು. ಸ್ಟಾರ್ಟ್ ಆಗುವ ಮೊದಲು ಅದು ಪೈಪಿನಲ್ಲಿ ಒತ್ತಡ ತುಂಬಿಸಿಕೊಳ್ಳುವ ಸದ್ದು ಅದು. ಕೇಳಿಸದಿದ್ದರೇ ಚಿಂತೆ ಮಾಡಬೇಕು. ಆಗ ಕಿಲ್ ಸ್ವಿಚ್ (ಹ್ಯಾಂಡಲಿನಲ್ಲಿರುವ ಎಂಜಿನ್ ಆರಿಸುವ ಗುಂಡಿ), ಫ್ಯೂಸ್, ಬ್ಯಾಟರಿ, ರಿಲೇ, ಈ ಕ್ರಮದಲ್ಲಿ ನೋಡಿ. ಕಿಲ್ ಸ್ವಿಚ್ ಆಫ್ ಆಗಿರುವುದನ್ನು ಮರೆತು ಗಾಡಿಯನ್ನು ಆಟೊದಲ್ಲಿ ಹಾಕಿಕೊಂಡು ಬರುವವರು ಈಗಲೂ ಇದ್ದಾರೆ.

ಓಡುವಾಗಲೂ ಪಂಪ್ ಬಿಡದೆ ‘ಕುಂಯ್’ ಎಂದು ಕೂಗಿದರೆ, ಆ ಸದ್ದು ನಿಜಕ್ಕೂ ಪಂಪಿನದೇ ಎಂದು ಖಾತ್ರಿ ಮಾಡಿಕೊಳ್ಳಿ. ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ರೇಸ್ ಮಾಡಿ. ರೇಸಿನ ಜೊತೆ ಏರಿಳಿಯುವ ಸದ್ದು ಎಂಜಿನ್ನಿನದು. ಟ್ಯಾಪೆಟ್ಟೋ ಟೈಮಿಂಗ್ ಚೈನೋ ಆಡಿದಾಗ ಅದರ ಮೇಲಿನ ಟ್ಯಾಂಕು ತಮಟೆಯಂತೆ ಅದನ್ನು ದೊಡ್ಡದು ಮಾಡಿ ಕೇಳಿಸುತ್ತದೆ. ಪಂಪಿನ ಕೂಗು ಹೆಚ್ಚುಕಡಿಮೆ ಒಂದೇ ಶ್ರುತಿಯಲ್ಲಿರುತ್ತದೆ. ಉದ್ದದ ಸ್ಕ್ರೂ ಡ್ರೈವರಿನ ತುದಿಯನ್ನು ಟ್ಯಾಂಕಿನ ತಳದ ಪಂಪ್ ಪ್ಲೇಟಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿ ಕೇಳಿ. ಬಳಿಕ ಸಿಲಿಂಡರ್ ಹೆಡ್ಡಿಗೆ ತಾಗಿಸಿ. ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ಪಂಪಿನದೇ ಎಂದಾದರೆ ಮೂರು ಲೀಟರ್ ಪೆಟ್ರೋಲ್ ಹಾಕಿ ನೋಡಿ. ಪಂಪನ್ನು ತಣ್ಣಗಿಡುವುದೂ ಅದಕ್ಕೆ ಜಾರಿಕೆ ಕೊಡುವುದೂ ಪೆಟ್ರೋಲೇ. ಸದಾ ರಿಸರ್ವ್‌ನಲ್ಲೇ ಓಡಿಸುವ ಗಾಡಿಯಲ್ಲಿ ಅದು ಗಾಳಿ ಎಳೆದು, ಕಾದು, ಕೂಗುತ್ತದೆ. ಪೆಟ್ರೋಲ್ ಹಾಕಿದ ಮೇಲೆ ಕೂಗು ಇಳಿದರೆ ಪಂಪ್ ಇನ್ನೂ ಬದುಕಿದೆ, ರಿಸರ್ವ್ ಚಾಳಿ ಬಿಡಿ. ಇಳಿಯದಿದ್ದರೆ ಪಂಪಿನ ಬಾಯಿಗಿರುವ ಜಾಲರಿ ಕಟ್ಟಿರಬಹುದು. ಅದನ್ನು ತೆಗೆದು ನೋಡಿ, ಗೇಜ್ ಹಾಕಿ ಒತ್ತಡ ಅಳೆದ ಮೇಲೆಯೇ ಪಂಪ್ ಬದಲಿಸುವ ಮಾತು. ನಮ್ಮ ಬೈಕುಗಳಲ್ಲಿ ಈ ಒತ್ತಡ ಸಾಮಾನ್ಯವಾಗಿ 3 ಬಾರ್ ಆಸುಪಾಸು. ನಿಮ್ಮ ಮಾದರಿಯ ನಿಖರ ಅಂಕಿ ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತದೆ. ಪೈಪ್ ಕಳಚುವ ಮೊದಲು ಪಂಪಿನ ಕನೆಕ್ಟರ್ ತೆಗೆದು, ಎಂಜಿನ್ ತಾನಾಗಿ ಆರುವವರೆಗೆ ಓಡಿಸಿ. ಇಲ್ಲದಿದ್ದರೆ ಒತ್ತಡದಲ್ಲಿರುವ ಪೆಟ್ರೋಲ್ ನೇರ ಮುಖಕ್ಕೆ ಚಿಮ್ಮುತ್ತದೆ. ಪಂಪ್ ಮತ್ತೆ ಕೂರಿಸುವಾಗ ಹೊಸ ರಬ್ಬರ್ ಸೀಲ್ ಹಾಕಿ. ಪೆಟ್ರೋಲಿನಲ್ಲಿ ಉಬ್ಬಿದ ಹಳೆಯದು ತನ್ನ ಜಾಗದಲ್ಲಿ ಸರಿಯಾಗಿ ಕೂರುವುದಿಲ್ಲ, ಸೋರುತ್ತದೆ.

ಇನ್ನು ಮುಚ್ಚಳದ ‘ಬುಸ್’. ಬಿಸಿಲಲ್ಲಿ ನಿಂತ ಗಾಡಿಯ ಮುಚ್ಚಳ ತೆರೆದಾಗ ಒಂದು ಕ್ಷಣ ಬುಸ್ ಎಂದು ಪೆಟ್ರೋಲ್ ವಾಸನೆ ಹೊರಗೆ ಬಂದರೆ ಅದು ಸಹಜ, ಆವಿ ಹೊರಟಿತು ಅಷ್ಟೆ. ವಾಸನೆಯಿಲ್ಲದೆ, ಯಾರೋ ಉಸಿರೆಳೆದುಕೊಂಡಂತೆ ‘ಸ್ಸ್’ ಎಂದರೆ ಹೊರಗಿನ ಗಾಳಿ ಒಳಗೆ ನುಗ್ಗಿದೆ, ಟ್ಯಾಂಕಿಗೆ ಉಸಿರಾಟವಿಲ್ಲ ಎಂದರ್ಥ. ಪೆಟ್ರೋಲ್ ಇಳಿದಷ್ಟೂ ಗಾಳಿ ಒಳಗೆ ಬರಬೇಕು. ದಾರಿ ಮುಚ್ಚಿದರೆ ಒಳಗೆ ನಿರ್ವಾತವಾಗಿ, ಕಾರ್ಬ್ಯುರೇಟರ್ ಗಾಡಿ ಹತ್ತಿಪ್ಪತ್ತು ಕಿಲೋಮೀಟರ್ ಓಡಿ ಮುಗ್ಗರಿಸಿ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಕಿಕ್ ಹೊಡೆದರೆ ಏನೂ ಆಗದಂತೆ ಹೊರಡುತ್ತದೆ. ಇಂಜೆಕ್ಷನ್ ಗಾಡಿಯ ಪಂಪ್ ಬಲವಾದದ್ದು, ಅದು ಎಳೆಯುತ್ತಲೇ ಇರುತ್ತದೆ. ಟ್ಯಾಂಕಿನ ತಗಡು ಒಳಕ್ಕೆ ಬಾಗಿ ‘ಡಬ್’ ಎನ್ನುವುದು, ಮುಚ್ಚಳ ತೆರೆದಾಗ ಮತ್ತೆ ‘ಡಬ್’ ಎಂದು ಮೊದಲಿನಂತಾಗುವುದು ಇದರಿಂದಲೇ. ಮುಗ್ಗರಿಸತೊಡಗಿದಾಗಲೇ ಪಕ್ಕಕ್ಕೆ ನಿಲ್ಲಿಸಿ ಮುಚ್ಚಳ ತೆರೆಯಿರಿ. ಗಾಳಿ ಎಳೆದುಕೊಂಡ ಸದ್ದಾಗಿ ಗಾಡಿ ಸರಿಹೋದರೆ ರೋಗ ಪತ್ತೆಯಾದಂತೆ.

ದಾರಿ ಎಲ್ಲಿ ಮುಚ್ಚಿದೆ? ಮುಚ್ಚಳದ ಸಣ್ಣ ತೂತಿನಲ್ಲಿ ಕೆಮ್ಮಣ್ಣು, ಪಾಲಿಷ್ ಕೂತಿರಬಹುದು. ಚೆಂದಕ್ಕೆ ಹಾಕಿಸಿದ ರೆಕ್ಸಿನ್ ಟ್ಯಾಂಕ್ ಕವರ್ ಮುಚ್ಚಳಕ್ಕೆ ಒತ್ತಿಕೊಂಡಿರಬಹುದು. ಟ್ಯಾಂಕ್ ಇಳಿಸಿ ಮತ್ತೆ ಕೂರಿಸುವಾಗ ಗಾಳಿ ಪೈಪ್ ಫ್ರೇಮಿನ ನಡುವೆ ಸಿಕ್ಕಿ ಚಪ್ಪಟೆಯಾಗಿರಬಹುದು. ‘ಸರ್ವಿಸ್ ಮಾಡಿಸಿದ ಮೇಲೆ ಶುರುವಾಯಿತು’ ಎನ್ನುವವರ ಗಾಡಿಯಲ್ಲಿ ಮೊದಲು ನೋಡಬೇಕಾದ್ದೇ ಇದು. ವಾರಗಟ್ಟಲೆ ನಿಂತ ಗಾಡಿಯಾದರೆ ಪೈಪಿನ ಕೆಳತುದಿಯಲ್ಲಿ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟಿರುವುದೂ ಉಂಟು. ಟ್ಯಾಂಕಿನ ಅಡಿಯಿಂದ ಸಾಮಾನ್ಯವಾಗಿ ಎರಡು ಪೈಪು ಇಳಿಯುತ್ತವೆ. ಒಂದು ಮುಚ್ಚಳದ ಸುತ್ತ ನಿಂತ ಮಳೆನೀರು ಹೊರಹೋಗಲು, ಇನ್ನೊಂದು ಆವಿಯನ್ನು ಇದ್ದಿಲು ತುಂಬಿದ ಕರಿ ಡಬ್ಬಿಗೆ, ಅಂದರೆ ಕ್ಯಾನಿಸ್ಟರಿಗೆ, ಒಯ್ಯಲು. ಇವನ್ನು ಅದಲುಬದಲು ಹಾಕಿದರೆ ಮಳೆನೀರು ಸೀದಾ ಕ್ಯಾನಿಸ್ಟರಿಗೆ ಹೋಗುತ್ತದೆ. ನೀರಿನ ಪೈಪು ಕಟ್ಟಿದರೆ ಮುಚ್ಚಳದ ಸುತ್ತ ನೀರು ನಿಂತು ಟ್ಯಾಂಕಿನೊಳಕ್ಕೆ ಇಳಿಯುತ್ತದೆ.

ಪೈಪನ್ನು ಬಾಯಿಂದ ಊದಿ ಪರೀಕ್ಷಿಸಿ, ಕಂಪ್ರೆಸರ್ ಗಾಳಿ ಬೇಡ. ಅದರ ರಭಸಕ್ಕೆ ಮುಚ್ಚಳದೊಳಗಿನ ತೆಳು ರಬ್ಬರ್ ವಾಲ್ವ್ ಹರಿದುಹೋಗುತ್ತದೆ. ಗಾಡಿ ಬಿದ್ದಾಗ ಪೆಟ್ರೋಲ್ ಸೋರದಂತೆ ತಡೆಯುವ ವಾಲ್ವ್ ಪೈಪಿನ ನಡುವೆ ಇದ್ದರೆ ಅದನ್ನು ಬಿಚ್ಚಿ ನೆಟ್ಟಗೆ ಹಿಡಿದು ಊದಿ, ಗಾಳಿ ಹೋಗಬೇಕು. ತಲೆಕೆಳಗು ಮಾಡಿ ಊದಿದರೆ ನಿಲ್ಲಬೇಕು. ಕೆಲವು ಮಾದರಿಗಳಲ್ಲಿ ಎಂಜಿನ್ ಓಡುವಾಗ ಟ್ಯಾಂಕಿನ ಅಡಿಯಿಂದ ಸಣ್ಣಗೆ ‘ಟಿಕ್ ಟಿಕ್’ ಕೇಳಿಸುತ್ತದೆ. ಅದು ಕ್ಯಾನಿಸ್ಟರಿನ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್, ಮುಟ್ಟಬೇಡಿ. ಗಾಡಿ ನಿಲ್ಲಿಸಿದ ಮೇಲಿನ ‘ಟಿಣ್ ಟಿಣ್’ ಕೂಡ ಕಾದ ಲೋಹ ತಣಿಯುವ ಸದ್ದು.

ಗಡಗಡ ಸದ್ದಿಗೆ ಮೊದಲ ಆರೋಪಿ ಬೀಗದ ಕೈ ಗೊಂಚಲು. ನಗಬೇಡಿ, ಮನೆಯ, ಅಂಗಡಿಯ, ಬೀರುವಿನ ಕೀಲಿ ಎಲ್ಲ ಒಂದೇ ರಿಂಗಿನಲ್ಲಿದ್ದರೆ ಅದು ಹ್ಯಾಂಡಲ್ ಬುಡಕ್ಕೂ ಟ್ಯಾಂಕಿಗೂ ಬಡಿಯುತ್ತದೆ. ಬರೀ ಗಾಡಿ ಕೀ ಇಟ್ಟು ಓಡಿಸಿ ನೋಡಿ. ಸದ್ದು ಉಳಿದರೆ, ಅದು ಬರುವ ರೇಸಿಗೇ ಎಂಜಿನ್ ಇಟ್ಟು ಟ್ಯಾಂಕನ್ನು ಎರಡೂ ಅಂಗೈಯಿಂದ ಒತ್ತಿ. ನಿಂತಿತೆಂದರೆ ಟ್ಯಾಂಕನ್ನು ಹಿಡಿದಿರುವ ಮುಂದಿನ ಜೋಡಿ ರಬ್ಬರ್ ಸವೆದಿದೆ ಇಲ್ಲವೇ ಹಿಂದಿನ ಬೋಲ್ಟು ಸಡಿಲವಾಗಿದೆ. ಆ ಬೋಲ್ಟಿನ ರಬ್ಬರಿನೊಳಗೆ ಒಂದು ಕಬ್ಬಿಣದ ಕಾಲರ್ ಇರಬೇಕು. ಬಿಚ್ಚಿದಾಗ ಕಳೆದುಹೋಗುವುದು ಅದೇ. ಅದಿಲ್ಲದೆ ಬಿಗಿದರೆ ರಬ್ಬರ್ ಚಪ್ಪಟೆಯಾಗುತ್ತದೆ, ಟ್ಯಾಂಕಿನ ಕಿವಿ ಬಿರುಕು ಬಿಡುತ್ತದೆ. ಅರ್ಧ ಟ್ಯಾಂಕ್ ಇರುವಾಗ ಗಾಡಿಯನ್ನು ಎಡಬಲ ಅಲುಗಾಡಿಸಿದರೆ ‘ಟಕ್ ಟಕ್’ ಎನ್ನುವುದು ಪೆಟ್ರೋಲ್ ಗೇಜಿನ ತೇಲುವ ಕಡ್ಡಿ. ಪೆಟ್ರೋಲ್ ಎಷ್ಟಿದ್ದರೂ ಬ್ರೇಕ್ ಹಿಡಿದಾಗಲೆಲ್ಲ ‘ಲೊಟಕ್’ ಎಂದರೆ ಒಳಗಿನ ತಗಡಿನ ಬೆಸುಗೆ ಬಿಟ್ಟಿರಬಹುದು. ಟ್ಯಾಂಕ್ ಬದಲಿಸುವ ಮಾತು ಬಂದರೆ ಇಲ್ಲಿ ಮಾತ್ರ ನ್ಯಾಯ. ಖಾಲಿ ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸಲು ಹೋಗಬೇಡಿ. ದ್ರವ ಹೋದರೂ ಆವಿ ಉಳಿದಿರುತ್ತದೆ.

ಮರಳು ಸರಿದಂತೆ ‘ಸರಸರ’ ಎಂದರೆ ತುಕ್ಕಿನ ಚಕ್ಕೆ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಬಿಡುಗಡೆಯಾದ ಶೇ 20 ಎಥೆನಾಲ್ ಮಿಶ್ರಿತ ಪೆಟ್ರೋಲ್ ಈಗ ಬಹುತೇಕ ಬಂಕುಗಳಲ್ಲಿದೆ. ಎಥೆನಾಲ್ ನೀರನ್ನು ಸೆಳೆದುಕೊಳ್ಳುತ್ತದೆ. ಮಿತಿ ಮೀರಿದರೆ ನೀರೂ ಎಥೆನಾಲೂ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಪಂಪಿನ ಬಾಯಿ ಇರುವುದೂ ಅಲ್ಲೇ. ಅನುಮಾನವಿದ್ದರೆ ತಳದಿಂದ 200 ಮಿಲಿಲೀಟರ್ ತೆಗೆದು ಗಾಜಿನ ಬಾಟಲಿಯಲ್ಲಿ ಅರ್ಧ ಗಂಟೆ ಬಿಡಿ. ಎರಡು ಪದರ ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಿ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯ ಟ್ಯಾಂಕ್ ಅರ್ಧ ಖಾಲಿ ಇರಬಾರದು, ವಾಟರ್ ಸರ್ವಿಸ್ ಮಾಡುವಾಗ ಮುಚ್ಚಳದ ಮೇಲೆ ನೇರ ಪ್ರೆಷರ್ ಬಿಡಿಸಬಾರದು.

ಬಂಕಿನವರಲ್ಲಿ ಒಂದು ವಿನಂತಿ. ನಳಿಕೆ ತಾನಾಗಿ ಕಟ್ ಆದ ಮೇಲೂ ‘ರೌಂಡ್ ಫಿಗರ್’ ಮಾಡಲು ಕತ್ತಿನವರೆಗೆ ತುಂಬಿಸಬೇಡಿ. 13 ಲೀಟರ್ ಪೆಟ್ರೋಲ್ 20 ಡಿಗ್ರಿ ಕಾದರೆ ಸುಮಾರು ಕಾಲು ಲೀಟರ್ ಹಿಗ್ಗುತ್ತದೆ. ಅದರಿಂದ ಟ್ಯಾಂಕ್ ಸಿಡಿಯುವುದಿಲ್ಲ, ಆದರೆ ಹೆಚ್ಚಾದದ್ದು ಕ್ಯಾನಿಸ್ಟರಿಗೆ ಇಳಿದು ಇದ್ದಿಲನ್ನು ನೆನೆಸುತ್ತದೆ. ಆಮೇಲೆ ಗಾಡಿ ವಾಸನೆ ಹೊಡೆಯುವುದು, ಬಿಸಿಯಿದ್ದಾಗ ಸ್ಟಾರ್ಟ್ ಆಗದಿರುವುದು, ಮತ್ತೆ ಗ್ಯಾರೇಜಿಗೆ ಓಟ.

ಸರ್ವಿಸ್ ಕೇಂದ್ರಗಳಿಗೂ ಒಂದು ಮಾತು. ಪಂಪ್ ಬದಲಿಸಬೇಕು ಎನ್ನುವಾಗ ಗೇಜ್ ತೋರಿಸಿದ ಒತ್ತಡವನ್ನು ಜಾಬ್ ಕಾರ್ಡ್‌ನಲ್ಲಿ ಬರೆಯಿರಿ, ತೆಗೆದ ಹಳೆಯ ಪಂಪನ್ನು ಗ್ರಾಹಕರ ಕೈಗೆ ಕೊಡಿ. ಗ್ರಾಹಕರೂ ಇವೆರಡನ್ನು ಕೇಳಿ ಪಡೆಯಲಿ.

— ದ್ವಿಚಕ್ರ ವಾಹನ ದುರಸ್ತಿಗಾರರು, ದಾವಣಗೆರೆ